ನಮ್ಮ ದೋಣಿಗೆ ನಾವೇ ನೆಂಟರು

ರೋಡ್ ಟೌನ್, ಟೊರ್ಟೋಲಾ
ಭಾನುವಾರ, ಫೆಬ್ರವರಿ ೨೨, ೧೯೯೮

ಪ್ರೀತಿಯ ಎನ್ಸ್‌ಲಿ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಟಗ್ ದೋಣಿಯ ಇಂಜಿನ್ ಕೋಣೆಯಲ್ಲಿ ದಿನವಿಡೀ ಬಗ್ಗಿರುವವನಿಗೆ ಸೊಂಟ ಜೋಪಾನ ಎನ್ನುವುದು ಮೀನಿಗೆ ನೆನೆಯಬೇಡ ಎಂದಂತೆ. ಆದರೂ ಬರೆಯುತ್ತೇನೆ. ಟ್ರಿನಿಡಾಡ್‌ನವರ ಖಾರ ಹೊಟ್ಟೆಗೆ ಆಗದಿದ್ದರೆ ಅವರಿಗೆ ಹೆದರಿ ತಿನ್ನಬೇಡ. ನಾನು ಚೆನ್ನಾಗಿದ್ದೇನೆ. ಶಾಲೆಯ ಸಮವಸ್ತ್ರಗಳನ್ನೆಲ್ಲ ಹೊಲಿದು ಮುಗಿಸಿದೆ, ಕಣ್ಣಷ್ಟೇ ಉರಿಯುತ್ತಿದೆ. ಈ ಕಾಗದ ನಿನ್ನಮ್ಮನ ವಿಷಯಕ್ಕೇ ಬರೆಯುತ್ತಿರುವುದು. ಇಂಜಿನ್ ಪಕ್ಕ ನಿಂತು ಓದಬೇಡ, ಮೇಲೆ ಹೋಗಿ ಕೂತು ಓದು.

ನೀನೇನೋ ಹಾಯಿದೋಣಿಯ ಕರಾರಿಗೆ ಸಹಿ ಹಾಕಿ ಹೊರಟುಹೋದೆ, ಊರಿಗೆಲ್ಲ ಉತ್ತರ ಕೊಡುವವಳು ನಾನು. ದೋಣಿ ನಮ್ಮ ಹೆಸರಿನಲ್ಲಿದೆ. ಆದರೆ ಐದು ವರ್ಷ ಕಂಪನಿಯವರು ಇಟ್ಟುಕೊಂಡು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ, ರಿಪೇರಿಯೂ ಅವರದೇ. ವರ್ಷದಲ್ಲಿ ಕೆಲವೇ ವಾರ ನಮಗೆ, ಅದೂ ಬಿರುಗಾಳಿಯ ಕಾಲದಲ್ಲಿ. ಆಮೇಲೆ ಪೂರ್ತಿ ನಮ್ಮದು. ಇದನ್ನು ಎಷ್ಟು ಬಿಡಿಸಿ ಹೇಳಿದರೂ ನಿನ್ನಮ್ಮನಿಗೆ ಒಪ್ಪಿಗೆಯಾಗಲಿಲ್ಲ. “ಮೇಕೆ ನಮ್ದು, ಮೇಯಿಸೋನು ಯಾವನೋ, ಹಾಲು ಕುಡಿಯೋನು ಇನ್ಯಾವನೋ. ನಮಗೇನು ಉಳೀತು, ಹಿಕ್ಕೆನಾ?” ಎನ್ನುತ್ತಿದ್ದರು. ಬೆಳಗಾದರೆ ನಿನ್ನ ದುರ್ಬೀನು ಹಿಡಿದು ಜಗಲಿಯಲ್ಲಿ ಕೂರುವುದು. “ಇವತ್ತು ಕೆಂಪು ಟೋಪಿಯೋನು ಚುಕ್ಕಾಣಿ ಹಿಡಿದಿದ್ದಾನೆ ಕಣೇ ವರ್ನಾ. ಹಾಯಿ ಪಟಪಟ ಬಡ್ಕೋತಿದೆ, ಅವನಿಗೆ ಕಿವಿ ಇಲ್ವಾ?” ಅದರೊಳಗೆ ನಾಲ್ಕು ಕೋಣೆ, ನಾಲ್ಕು ಕಕ್ಕಸು ಇವೆ ಎಂದು ಯಾರೋ ಹೇಳಿದ ಮೇಲಂತೂ ಅವರಿಗೆ ನೆಮ್ಮದಿಯೇ ಹೋಯಿತು. “ನಾಲ್ಕು! ಏನು ತಿಂದು ಬರ್ತಾರೋ ಪಾಪ!” ನಾನು ನಗುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ನನಗೂ ಕುತೂಹಲ ಹತ್ತಿಕೊಂಡಿತ್ತು. ನಮ್ಮ ಹಾಸಿಗೆಯಲ್ಲಿ ಮಲಗುವವರು ಯಾರು? ನಮ್ಮ ಮೇಜಿನ ಸುತ್ತ ಕೂತು ಅವರು ಏನು ಮಾತಾಡುತ್ತಾರೆ? ದೂರದಿಂದ ನೋಡಿದರೆ ಬಿಳಿ ಬೆನ್ನು, ಬಿಳಿ ಹಾಯಿ, ಅಷ್ಟೇ ಕಾಣುವುದು.

ಹೋದ ಸೋಮವಾರ ಅತ್ತೆ ಚರ್ಚಿನ ಹೆಂಗಸರ ಪ್ರಾರ್ಥನೆಗೆಂದು ನೀಲಿ ಫ್ರಾಕು, ಹುಲ್ಲಿನ ಟೋಪಿ ಹಾಕಿಕೊಂಡು ಹೊರಟರು. ಕೈಯಲ್ಲಿ ಬುಟ್ಟಿ ತುಂಬ ಕರಿದ ಜಾನಿಕೇಕ್. ಪ್ರಾರ್ಥನೆಗೆ ಅಷ್ಟೊಂದು ತಿಂಡಿ ಏಕೆಂದು ನನಗೆ ಹೊಳೆಯಬೇಕಿತ್ತು. ಸಂಜೆ ಕಂಪನಿಯ ದೋಣಿಕಟ್ಟೆಯ ಆಫೀಸಿನಿಂದ ಕಾರ್ಲಿನ್ ಫೋನು ಮಾಡಿದಳು. “ವರ್ನಾ, ನಿಮ್ಮತ್ತೆ ಎಲ್ಲಿ?” ಚರ್ಚಿನಲ್ಲಿ ಎಂದೆ. “ಹಾಗಾದ್ರೆ ನಿಮ್ಮ ಚರ್ಚು ಅನೆಗಡಾ ದ್ವೀಪದ ಹತ್ರ ಲಂಗರು ಹಾಕಿದೆ ಕಣೆ,” ಎಂದಳು. ಬಾಡಿಗೆಯವರು ಇರುವಾಗ ಮಾಲೀಕರ ಮನೆಯವರು ದೋಣಿ ಹತ್ತಬಾರದೆಂದು ಕರಾರಿನಲ್ಲೇ ಇದೆ, ಹತ್ತಿದರೆ ಕರಾರೇ ಮುರಿದುಹೋಗಬಹುದು. ಬಾಡಿಗೆಗೆ ಬಂದವರೇ ದೋಣಿಯ ರೇಡಿಯೋದಲ್ಲಿ ಅವಳನ್ನು ಕೇಳಿದ್ದರಂತೆ, ಐಯಾಂಥಿ ಎನ್ನುವ ಅಜ್ಜಿಯನ್ನು ತಂಗಿಯ ಊರಿಗೆ ಬಿಡುತ್ತಿದ್ದೇವೆ, ತೊಂದರೆಯಿಲ್ಲ ತಾನೇ ಎಂದು. “ನನಗೆ ಏನೂ ಕೇಳಿಸಿಲ್ಲ,” ಎಂದಳು ಕಾರ್ಲಿನ್. “ಮ್ಯಾನೇಜರಿಗೆ ಕೇಳಿಸೋ ಮುಂಚೆ ಹೋಗಿ ಕರ್ಕೊಂಡು ಬಾ.”

ಮರುದಿನದ ಲಾಂಚ್ ಹಿಡಿದು ಹೋದೆ. ದಾರಿಯುದ್ದಕ್ಕೂ ಏನೆಂದು ಬಯ್ಯಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಪೆಟ್ರೀನಾ ಚಿಕ್ಕಮ್ಮನ ಅಂಗಳಕ್ಕೆ ಕಾಲಿಟ್ಟರೆ ಅಲ್ಲಿ ಸುಟ್ಟ ಲಾಬ್ಸ್ಟರ್ ಘಮ! ಇಬ್ಬರು ಅಕ್ಕತಂಗಿಯರು ಒಂದೇ ಬೆಂಚಿನ ಮೇಲೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೈಯಿಟ್ಟು ಕೂತಿದ್ದಾರೆ. ಎದುರಿಗೆ ನಮ್ಮ ದೋಣಿ ಬಾಡಿಗೆಗೆ ಹಿಡಿದ ಕೆನಡಾದ ಗೇತಾನ್ ಎಂಬ ನಿವೃತ್ತ ರೈಲು ಚಾಲಕ, ಅವನ ಹೆಂಡತಿ ಲೀಸ್. ಚಿಕ್ಕಮ್ಮನಿಗೆ ನಡೆಯಲಾಗುವುದಿಲ್ಲ, ಅತ್ತೆಗೆ ಲಾಂಚಿನ ಡೀಸೆಲ್ ವಾಸನೆ ಬಡಿದರೆ ತಲೆ ಎತ್ತಲಾಗುವುದಿಲ್ಲ. ಹೀಗಾಗಿ ಎಷ್ಟು ವರ್ಷದಿಂದ ಬರೀ ಫೋನಿನಲ್ಲೇ ಜಗಳ ಆಡಿಕೊಂಡಿದ್ದರಲ್ಲ. ನನ್ನನ್ನು ಕಂಡದ್ದೇ ನಿನ್ನಮ್ಮ, “ಬಾ ಮಗಳೇ, ಕೂತ್ಕೋ, ಕಾಲು ನಿನಗೇ ಇಟ್ಟಿದೀನಿ,” ಎಂದರು. ಲಾಬ್ಸ್ಟರ್ ಕಾಲು! ನಾನು ಜೋಡಿಸಿಕೊಂಡು ಬಂದ ಮಾತೆಲ್ಲ ಅಲ್ಲೇ ಕರಗಿತು.

ಅತ್ತೆ ಕಟ್ಟೆಯಲ್ಲಿ ಇವರಿಗೆ ಜಾನಿಕೇಕ್ ಕೊಟ್ಟು, ಎಲ್ಲಿಗೆ ಹೊರಟಿದ್ದೀರಿ, ಅನೆಗಡಾಕ್ಕಾ, ನನ್ನನ್ನೂ ಬಿಡಿ ಎಂದು ಕೇಳಿದ್ದಂತೆ, ಅಷ್ಟೇ. ಯಾರ ತಾಯಿ ಎಂದು ಬಾಯಿ ಬಿಟ್ಟಿಲ್ಲ. ದೋಣಿಯೊಳಗೆ ಒಂದೊಂದು ಬಾಗಿಲನ್ನೂ ತೆಗೆಸಿ ನೋಡಿದ್ದಾರೆ. ಕಕ್ಕಸು ನಾಲ್ಕನ್ನೂ ಎಣಿಸಿ, ಒಂದನ್ನು ಉಪಯೋಗಿಸಿ, “ಗಟ್ಟಿಯಾಗಿದೆ” ಎಂದು ತೀರ್ಪು ಕೊಟ್ಟಿದ್ದಾರೆ. ಆಮೇಲೆ ಮೆಲ್ಲಗೆ, ಈ ದೋಣಿ ಯಾರದಪ್ಪಾ ಎಂದು ಕೇಳಿದರಂತೆ. ಯಾರೋ ಟೆಕ್ಸಾಸಿನ ದೊಡ್ಡ ಕುಳ ಇರಬೇಕು, ಇಂಥವು ಹತ್ತು ಇರುತ್ತವೆ ಅಂಥವರಿಗೆ ಎಂದ ಗೇತಾನ್. “ಹೌದಾ? ಅವನ ತಾಯಿ ಪುಣ್ಯವಂತೆ ಬಿಡಪ್ಪ,” ಎಂದರಂತೆ ನಿನ್ನಮ್ಮ. ಇದನ್ನು ಲೀಸ್ ನನಗೆ ನಗುತ್ತ ಹೇಳುತ್ತಿದ್ದಾಗ ನಾನು ಬಾಯಿ ತೆರೆದೆ. ಬೆಂಚಿನ ಕೆಳಗೆ ನನ್ನ ಪಾದದ ಮೇಲೆ ಒಂದು ಹಿಮ್ಮಡಿ ಬಿತ್ತು. ತೆರೆದ ಬಾಯಿಗೆ ಲಾಬ್ಸ್ಟರ್ ಕಾಲನ್ನೇ ಇಟ್ಟುಕೊಂಡೆ.

ಲಾಂಚ್ ಇನ್ನು ಶುಕ್ರವಾರಕ್ಕೇ ಎಂದು ತಿಳಿದು ಲೀಸ್ ಕೈ ಹಿಡಿದಳು. “ನೀವೂ ನಮ್ಮ ಜೊತೆ ಬನ್ನಿ, ಇಂಥ ದೋಣಿ ಹತ್ತಿರ್ಲಿಕ್ಕಿಲ್ಲ ನೀವು.” ಹತ್ತಿರಲಿಲ್ಲ ತಾನೇ? ಕರಾರು ಇನ್ನೊಮ್ಮೆ ಮುರಿಯಿತು, ಎನ್ಸ್‌ಲಿ, ಈ ಸಲ ನನ್ನಿಂದ. ‘ಸ್ವೀಟ್ ಲೈಮ್’ ಎಂದು ನೀನು ಬರೆಸಿದ ಅಕ್ಷರವನ್ನು ಹತ್ತುವಾಗ ಬೆರಳಿಂದ ಸವರಿದೆ. ನಮ್ಮ ಫ್ರಿಜ್ಜಿನ ಬಾಗಿಲು ತೆಗೆಯಲು ಅಪ್ಪಣೆ ಕೇಳಿದೆ. ಹಾಸಿಗೆಯ ಸಂದಿಯಲ್ಲಿ ಎಂದೋ ಬಂದು ಹೋದ ಯಾರದೋ ಒಂಟಿ ಕಿವಿಯೋಲೆ ಸಿಕ್ಕಿತು, ಹಸಿರು ಕಲ್ಲಿನದು. ಅದನ್ನು ಕಳೆದುಕೊಂಡವಳು ಅತ್ತಳೋ ನಕ್ಕಳೋ ಎಂದು ಯೋಚಿಸುತ್ತ ಲೀಸ್ ಕೈಗೆ ಕೊಟ್ಟೆ. ಗಾಳಿ ಹಿಂದಿನಿಂದ ಬೀಸಿತು. ಇಂಜಿನ್ ಆರಿಸಿದ ಮೇಲಿನ ಆ ಮೌನ ನಿನಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ನೀನು ಇಷ್ಟು ವರ್ಷ ಕಬ್ಬಿಣದ ಸದ್ದಿನೊಳಗೆ ನಿಂತು ಯಾವುದಕ್ಕಾಗಿ ದುಡಿಯುತ್ತಿದ್ದೀ ಎಂದು ಅಂದು ತಿಳಿಯಿತು. ಚುಕ್ಕಾಣಿ ಹಿಡಿಯುತ್ತೀರಾ ಎಂದು ಗೇತಾನ್ ಕೇಳಿದರೆ ಅತ್ತೆ, “ಬೇಡಪ್ಪ, ನೆಂಟರ ಹಾಗೆ ಕೂತಿರ್ತೀನಿ,” ಎಂದು ಟೋಪಿಯನ್ನು ಮುಖಕ್ಕೆ ಎಳೆದುಕೊಂಡು ಮಲಗಿದರು. ಕಟ್ಟೆಯಲ್ಲಿ ಇಳಿಯುವಾಗ ಲೀಸ್, ಮಾಲೀಕ ಎಂದಾದರೂ ಸಿಕ್ಕಿದರೆ ನಮ್ಮ ಥ್ಯಾಂಕ್ಸ್ ಹೇಳಿ ಎಂದಳು. ಹೇಳಿದ್ದೇನೆ, ತೆಗೆದುಕೋ.

ಮ್ಯಾನೇಜರಿಗೆ ಇನ್ನೂ ಏನೂ ಕೇಳಿಸಿಲ್ಲ. ಚಿಕ್ಕಮ್ಮ ನಿನಗೆ ಒಣಮೀನು ಕಟ್ಟಿಕೊಟ್ಟಿದ್ದಾರೆ, ಬೆಕ್ಕಿನಿಂದ ಕಾಯುತ್ತಿದ್ದೇನೆ. ದೇವರು ನಿನ್ನ ಸೊಂಟವನ್ನೂ ಆ ಮುದಿ ಇಂಜಿನ್ನನ್ನೂ ಒಟ್ಟಿಗೆ ಕಾಯಲಿ.

ನಿನ್ನ
ವರ್ನಾ

ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ, ಮೇಲೆ ಬರೆಯಲು ಕೈ ಬರಲಿಲ್ಲ. ಕ್ರಿಸ್‌ಮಸ್ ಆದಮೇಲೆ ಅತ್ತೆ ಆಸ್ಪತ್ರೆಗೆ ಹೋಗಿದ್ದು ಶೀತಕ್ಕಲ್ಲ. ಹೊಟ್ಟೆಯಲ್ಲಿ ಗಡ್ಡೆ, ಈ ವಯಸ್ಸಿಗೆ ಕೊಯ್ಯುವುದಿಲ್ಲ ಎಂದರು ಡಾಕ್ಟರು. ನಿನಗೆ ತಿಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ನಿನ್ನೆ ಅವರೇ ಆಣೆ ಬಿಡಿಸಿದರು. ಉಳಿದ ದಿನ ಪೆಟ್ರೀನಾ ಚಿಕ್ಕಮ್ಮನ ಜೊತೆ ಇರಬೇಕಂತೆ. “ದಾರಿ ನೋಡ್ಕೊಂಡು ಬಂದಿದೀನಿ, ಸುಖವಾಗಿದೆ. ಇನ್ನೊಬ್ಬರ ನೆಂಟಳಾಗಿ ಒಂದ್ಸಲ ಸಾಕು. ಈ ಸಲ ನನ್ ಮಗ ಕರ್ಕೊಂಡು ಹೋಗ್ಲಿ,” ಎಂದರು. ಸೆಪ್ಟೆಂಬರಿನ ನಮ್ಮ ವಾರವನ್ನು ಕಾರ್ಲಿನ್ ಹೇಗೋ ಈಸ್ಟರ್ ಮುಗಿದ ವಾರಕ್ಕೆ ಬದಲಿಸಿ ಕೊಟ್ಟಿದ್ದಾಳೆ. ದೋಣಿ ಸಿಕ್ಕಿದೆ. ನಿನಗೆ ರಜೆ ಸಿಗುತ್ತದೋ ಇಲ್ಲವೋ ನಾನು ಕೇಳುತ್ತಿಲ್ಲ. ಬಾ.