ಮೈಕಿನಲ್ಲಿ ಹೇಳಬಾರದ ಮಾತು

ಆರೋಗ್ಯ ಜಾಗೃತಿ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಸಭೆಯಲ್ಲಿ ‘ಮೊಲೆ’ ಎಂಬ ಮಾತನ್ನು ಬೀದಿಗೆಲ್ಲ ಬಿತ್ತರಿಸಿ ಇಲಾಖೆಯ ಘನತೆಗೆ ಕುಂದು ತಂದೆನೆಂದೂ, ಇನ್ನು ನಿಮ್ಮ ಯಾವ ಕಾರ್ಯಕ್ರಮಕ್ಕೂ ನನ್ನ ಮೈಕ್ ಸೆಟ್ ಬೇಡವೆಂದೂ ತಾವು ಕಳಿಸಿದ ನೋಟಿಸ್ ತಲುಪಿತು. ಸ್ತನ ಕ್ಯಾನ್ಸರ್ ಜಾಗೃತಿ ಸಭೆಯಲ್ಲಿ ಮೊಲೆಯ ಹೆಸರೆತ್ತಬಾರದೆಂಬ ನಿಯಮ ನನಗೆ ತಿಳಿದಿರಲಿಲ್ಲ. ಕಣ್ಣಿನ ತಪಾಸಣೆಯಲ್ಲಿ ಕಣ್ಣು ಎನ್ನಬಹುದೇ? ಹಲ್ಲಿಗೂ ಮೊದಲೇ ಅಪ್ಪಣೆ ಪಡೆಯಬೇಕೇ?

ತಾವು ಭಾಷಣ ಮುಗಿಸಿದ ಕೂಡಲೇ ಕಾರು ಹತ್ತಿದ್ದರಿಂದ ಅಂದು ನಡೆದದ್ದು ತಮಗೆ ಪೂರ್ತಿ ಗೊತ್ತಿರಲಾರದು. “ಮಹಿಳೆಯರು ತಮ್ಮ ದೇಹದ ಒಂದು ಸೂಕ್ಷ್ಮ ಭಾಗವನ್ನು ನಿಯತಕಾಲಿಕವಾಗಿ ಅವಲೋಕಿಸಿಕೊಳ್ಳತಕ್ಕದ್ದು” ಎಂದು ತಾವು ಅಪ್ಪಣೆ ಕೊಡಿಸಿದಿರಿ. ಹಿಂದಿನ ಪರದೆಯ ಮೇಲೆ ಆಳೆತ್ತರದ ಗುಲಾಬಿ ಹೂವಿನ ಚಿತ್ರ. ಆಗ ನನ್ನ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಎದ್ದು ನಿಂತರು. ಹಿಟ್ಟಿನ ಗಿರಣಿ ನಡೆಸಿ, ಯಂತ್ರದ ಸದ್ದು ಮೀರಿಸಿ ಮಾತಾಡಿ ರೂಢಿಯಾದ ಅವರಿಗೆ ಪಿಸುಮಾತು ಬಾರದು.

“ಯಾವ ಭಾಗ ಸ್ವಾಮಿ?”

“ಅದೇ ತಾಯಿ... ತಮಗೆಲ್ಲಾ ಗೊತ್ತಿರೋದೇ” ಎಂದು ತಾವು ನೀರು ಕುಡಿದಿರಿ.

ಯಾರಿಗೂ ಗೊತ್ತಾಗಲಿಲ್ಲ. ಚಹಾದ ಹೊತ್ತಿಗೆ ಒಬ್ಬಾಕೆ ಕಣ್ಣಿನ ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದರು. ಅತ್ತೆ ಮಂಡಿ ಒತ್ತಿಕೊಂಡು, “ಇದೇ ಇರ್ಬೇಕು. ಮೆಟ್ಟಿಲು ಹತ್ತೋವಾಗ ಭಾರಿ ಸೂಕ್ಷ್ಮ ಆಗಿಬಿಡುತ್ತೆ” ಎಂದರು.

ಸಭೆ ಮುಗಿದ ಮೇಲೆ ನಾನು ಬೀದಿಯ ಕಂಬಕ್ಕೆ ಏಣಿ ಹಾಕಿ ಸ್ಪೀಕರ್ ಬಿಚ್ಚಲು ಹೊರಟಿದ್ದೆ. ಅತ್ತ ನಮ್ಮ ಅತ್ತೆ, ಬೆಳಗಿನಿಂದ ತಮಗಾಗಿ ಹೂಗುಚ್ಛ ಹಿಡಿದು ನಿಂತಿದ್ದ ನರ್ಸಮ್ಮನನ್ನು ಪರದೆಯ ಹಿಂದಕ್ಕೆ ಕರೆದೊಯ್ದಿದ್ದರು. ಅಲ್ಲಿ ಒರಗಿಸಿಟ್ಟಿದ್ದ ಮೈಕು ಇನ್ನೂ ಆರಿರಲಿಲ್ಲ. ನನ್ನ ಕಿವಿಯ ಪಕ್ಕದಲ್ಲೇ ಸ್ಪೀಕರ್ ನರ್ಸಮ್ಮನ ದನಿಯಲ್ಲಿ ಗುಡುಗಿತು:

“ಮೊಲೆ ಕಣಮ್ಮಾ, ಮೊಲೆ! ಬೆರಳು ಚಪ್ಪಟೆ ಇಟ್ಟು ಸುತ್ತ ಒತ್ತಿ ನೋಡ್ಕೊಳ್ಳಿ. ಕಂಕುಳೂ ಬಿಡಬೇಡಿ. ಗಂಟು ಸಿಕ್ರೆ, ಚರ್ಮ ಒಳಕ್ಕೆ ಎಳ್ಕೊಂಡ ಹಾಗಿದ್ರೆ, ತೊಟ್ಟಿಂದ ರಕ್ತ ಬಂದ್ರೆ ತಡ ಮಾಡ್ದೆ ಆಸ್ಪತ್ರೆಗೆ ಬನ್ನಿ.”

ಸೈಕಲ್ ಅಂಗಡಿಯ ಪಂಪು ನಿಂತಿತು. ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಗಿರಾಕಿಯೊಬ್ಬ ಬಾಗಿಲಿಗೆ ಬಂದ. ನಾನು ಮೈಕ್ ಆರಿಸಲು ಬಿದ್ದೆನೋ ಎದ್ದೆನೋ ಎಂದು ಓಡಿದೆ. ಸಭಾಂಗಣದ ಮೆಟ್ಟಿಲ ಮೇಲೆ ದರ್ಜಿ ಅಂಗಡಿಯಾಕೆ ನನ್ನ ಅಂಗಿ ಹಿಡಿದು ನಿಲ್ಲಿಸಿದರು. “ಇರಪ್ಪಾ! ಈಗ ತಾನೇ ಅರ್ಥ ಆಗೋ ಹಾಗೆ ಹೇಳ್ತಿದಾರೆ.”

ಅಷ್ಟರಲ್ಲಿ ಅತ್ತೆಯ ಧ್ವನಿ ಕೇಳಿಸಿತು. “ಇಲ್ಲೊಂದು ಗಂಟಿದೆಯಲ್ಲಾ ತಾಯಿ? ನೋವಿಲ್ಲ ಅಂತ ಸುಮ್ನಿದ್ದೆ.”

“ನೋವಿಲ್ದಿದ್ರೂ ತೋರಿಸ್ಲೇಬೇಕು. ನಾಳೆ ನಾನೇ ಕರ್ಕೊಂಡು ಹೋಗ್ತೀನಿ.”

ಮೆಟ್ಟಿಲ ಮೇಲೆ ಯಾರೂ ನಗಲಿಲ್ಲ. ಮೈಕ್ ಆರಿಸುವುದು ನನಗೆ ಮರೆತೇ ಹೋಯಿತು.

ಅದು ಕ್ಯಾನ್ಸರೇ ಆಗಿತ್ತು. ಗಂಟು ಸಣ್ಣದಿರುವಾಗಲೇ ಬಂದಿರಲ್ಲ ಎಂದು ಸಮಾಧಾನಪಟ್ಟ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲಿನ ಔಷಧಿಗೆ ಅತ್ತೆಯ ಕೂದಲುದುರಿತು, ಅನ್ನ ಸೇರದಾಯಿತು. ನನ್ನ ಹೆಂಡತಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಈಗ ಚಿಕಿತ್ಸೆ ಮುಗಿದಿದೆ. ಅತ್ತೆ ಗಿರಣಿಗೆ ಮರಳಿದ್ದಾರೆ. ಹಿಟ್ಟು ಬೀಸುತ್ತಲೇ, ಸರದಿಯಲ್ಲಿ ನಿಂತ ಹೆಂಗಸರಿಗೆ ಎಲ್ಲವನ್ನೂ ಕೂಗಿ ಹೇಳುತ್ತಾರೆ; ಗಂಡಸರು ಚೀಲ ಇಟ್ಟು ರಸ್ತೆಯಾಚೆ ಹೋಗಿ ನಿಲ್ಲುತ್ತಾರೆ.

“ಬೀದಿಗೆಲ್ಲ ಕೇಳಿಸಿಬಿಡ್ತಲ್ಲ ಅತ್ತೆ, ಬೇಜಾರಿಲ್ವಾ?” ಎಂದು ಕೇಳಿದೆ.

“ಏನ್ ಬೇಜಾರು ಅಳಿಯಂದ್ರೇ? ಅವತ್ತೇ ದರ್ಜಿ ಅಂಗಡಿಯವಳಿಗೂ ಒಂದು ಗಂಟು ಸಿಕ್ತು. ಅವಳದ್ದು ಬರೀ ನೀರುಗಂಟಂತೆ. ತೋರಿಸ್ಕೊಂಡು ಬಂದು ಎಷ್ಟು ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ ಗೊತ್ತಾ? ನೀವು ಮೈಕ್ ಆರಿಸಿದ್ದಿದ್ರೆ ನಾನು ಸುಮ್ನಿರ್ತಿರ್ಲಿಲ್ಲ!”

ಮಾನ್ಯರೇ, ನನ್ನ ಮೇಲಿನ ನಿಷೇಧ ಹಾಗೆಯೇ ಇರಲಿ. ಆದರೆ ನರ್ಸಮ್ಮನಿಗೂ ಕಾರಣ ಕೇಳಿ ನೋಟಿಸ್ ಕೊಟ್ಟಿದ್ದೀರಂತೆ. ಅದನ್ನು ಇಂದೇ ಹಿಂಪಡೆಯಿರಿ. ಮುಂದಿನ ಸಭೆ ಗರ್ಭಕೊರಳಿನ ಕ್ಯಾನ್ಸರ್ ಕುರಿತಾದದ್ದೆಂದು ಕೇಳಿದೆ. ಅಲ್ಲಿ ದಯಮಾಡಿ ಆಕೆಯೇ ಮಾತಾಡಲಿ. ತಾವು ಮಾತಾಡಿದರೆ ಊರಿನ ಹೆಂಗಸರೆಲ್ಲ ಕೊರಳಿಗೆ ಶಾಲು ಸುತ್ತಿಕೊಂಡು ಮನೆಗೆ ಹೋಗುತ್ತಾರೆ.

ಇಂತಿ,
ತಮ್ಮಿಂದ ಬಹಿಷ್ಕೃತನಾಗಿ, ಅತ್ತೆಯಿಂದ ಹೊಗಳಿಸಿಕೊಂಡ ಅಪರೂಪದ ಅಳಿಯ