ಹಳದಿ ತಂತಿ ಕಸವಲ್ಲ

ಒಗ್ನ್ಯಾನ್,

ನಾನು ಕೆಲಸಕ್ಕೆ ಹೊರಟೆ. ಬನಿತ್ಸಾ ಓವನ್‌ನಲ್ಲಿದೆ, ಬಿಸಿ ಮಾಡಿಕೊಂಡು ತಿನ್ನು.

ನಿನ್ನೆ ನೀನು ಕಂಪ್ಯೂಟರಿನ ಹಿಂದಿನಿಂದ ಕಿತ್ತೆಸೆದ ಹಳದಿ ತಂತಿ ಕಸವಲ್ಲ. ಕಂಪ್ಯೂಟರಿನೊಳಗೆ ಎರಡು ನೆಟ್‌ವರ್ಕ್ ಕಾರ್ಡುಗಳಿವೆ. ಒಂದಕ್ಕೆ ಬೀದಿಯಿಂದ ಇಂಟರ್ನೆಟ್ ಬರುತ್ತದೆ. ಇನ್ನೊಂದರಿಂದ ಅದು ಈ ಹಳದಿ ತಂತಿಯಲ್ಲಿ ಬಾಲ್ಕನಿ ಹತ್ತಿ ಮೇಲಿನ ಮನೆಗೆ, ನಿನ್ನಣ್ಣ ಲ್ಯುಬೆನ್‌ಗೆ ಹೋಗುತ್ತದೆ. ಹೌದು, ಎರಡು ವರ್ಷದಿಂದ. ಲಿನಕ್ಸ್‌ನಲ್ಲಿ ಹಂಚುವ ಏರ್ಪಾಡು ಮಾಡಿದವಳು ನಾನೇ. ದ್ರಾಕ್ಷಿತೋಟದ ಪಾಲಿಗಾಗಿ ಮಾತು ಬಿಟ್ಟವರು ನೀವಿಬ್ಬರು, ನಾನಲ್ಲ.

ನಿನ್ನೆ ಆಮೇಲೆ ನೀನು ಸ್ನಾನಕ್ಕೆ ಹೋಗಿದ್ದಾಗ ಭಾವ ಇಳಿದು ಬಂದಿದ್ದರು.

"ನೆವೆನಾ, ನೆಟ್ ಹೋಗ್ಬಿಡ್ತು. ಮಗಳು ಸ್ಪೇನಿಂದ ಪಾಪೂನ ತೋರಿಸ್ತಿದ್ಲು, ಅರ್ಧಕ್ಕೇ ನಿಂತೋಯ್ತು. ಅವನೇ ಕಿತ್ತನಾ?"

"ಇಲ್ಲ ಭಾವ, ಕಾರ್ಡು ಕೆಟ್ಟಿದೆ" ಅಂದೆ. ಇದು ನಿನ್ನ ಮಾನ ಉಳಿಸಲು ಹೇಳಿದ ಸುಳ್ಳು.

"ಅವನಿಗೆ ರಿಪೇರಿ ಬರತ್ತಾ?"

"ಚೆನ್ನಾಗಿ ಬರತ್ತೆ." ಇದು ಎರಡನೆಯದು.

ಭಾವ ಇವತ್ತು ಐದು ಗಂಟೆಗೆ ಬರುತ್ತಾರೆ. ಕಂಪ್ಯೂಟರಿನ ಹಿಂದೆ ಮೇಲಿನ ಕಿಂಡಿ ಬೀದಿಯ ತಂತಿಯದು, ಅದನ್ನು ಮುಟ್ಟಬೇಡ. ಹಳದಿ ತಂತಿಯನ್ನು ಕೆಳಗಿನ ಕಿಂಡಿಗೆ ಟಕ್ ಅನ್ನುವವರೆಗೆ ಒತ್ತು. ಅರ್ಧ ನಿಮಿಷದ ಕೆಲಸ. ದಯವಿಟ್ಟು ಅವರ ಮುಂದೆ ಒಂದು ಗಂಟೆ ಮಾಡು. ಕಾಫಿ ಕೊಡು. ತೋಟದ ಮಾತು ಎತ್ತಬೇಡ.

ಆಮೇಲೆ ಸರಿಹೋಯಿತೇ ಎಂದು ನೋಡಲು ಅವರ ಜೊತೆ ಮೇಲೆ ಹೋಗು. ಪಾಪು ತೆರೆಯ ಮೇಲೆ ಬಂದರೆ ಎದ್ದು ಬರಬೇಡ, ಕೂತು ನೋಡು. ಕಿವಿ ಥೇಟ್ ನಿನ್ನವೇ ಅಂತೆ. ನಾನು ಕೇಳಿರಲಿಲ್ಲ, ಬಾಗಿಲ ಹತ್ತಿರ ನಿಂತು ಭಾವನೇ ಹೇಳಿದರು.

ನೆವೆನಾ