ಅರವತ್ತೊಂದು ಮಂದಿಗೆ ಒಬ್ಬಳೇ ಅಜ್ಜಿ

ದೊಡ್ಡಬಳ್ಳಾಪುರ
೨೫ ಮೇ ೨೦೨೫, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದಾರೆ ಎಂದು ಅಮ್ಮ ತಿಳಿಸಿದಳು. ನೀನು ದಿನಕ್ಕೆ ಹತ್ತು ಸಲ ಹತ್ತುತ್ತೀಯ ಎಂದೂ ಅವಳೇ ಹೇಳಿದಳು. ಭಾವನವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೆ? ಈ ಸಲ ರೇಷ್ಮೆ ಬೆಳೆ ಕೈಹಿಡಿಯಿತೆ? ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಬೆಳಿಗ್ಗೆ ಎದ್ದು ಭಾನುಪ್ರಿಯಾ ಮಾಡಿದ ಸಾರಿನಲ್ಲಿ ಒಂದು ತಪ್ಪು ಸಿಕ್ಕಿತೆಂದರೆ ಅವಳಿಗೆ ಆ ದಿನ ಸುಸೂತ್ರ. ಸಿಗದಿದ್ದ ದಿನ ಅವಳಿಗೇ ಮೈ ಹುಷಾರಿರುವುದಿಲ್ಲ. ನನ್ನ ಹೆಂಡತಿ ಇದನ್ನು ಕಂಡುಹಿಡಿದು ಈಗ ವಾರಕ್ಕೆರಡು ಸಲ ಬೇಕೆಂದೇ ಉಪ್ಪು ಕಡಿಮೆ ಹಾಕುತ್ತಾಳೆ.

ಕಾಗದ ಬಂತೆಂದು ಗಾಬರಿಯಾಗಬೇಡ. ಫೋನಿನಲ್ಲಿ ಮಾತಾಡಿದರೆ ಮೂರನೆಯ ನಿಮಿಷಕ್ಕೆ ಭಾವನವರು ಒಳಗೆ ಬರುತ್ತಾರೆ, ನೀನು ತೆಲುಗಿಗೆ ತಿರುಗುತ್ತೀಯ, ‘ಸರಿ ಕಣೋ, ಒಲೆ ಮೇಲೆ ಹಾಲಿದೆ’ ಎಂದು ಇಟ್ಟುಬಿಡುತ್ತೀಯ. ಹಿಂದೂಪುರದ ಆ ಹಾಲು ಇಪ್ಪತ್ತು ವರ್ಷದಿಂದ ಉಕ್ಕುತ್ತಲೇ ಇದೆ. ಈಗ ಹೇಳಬೇಕಾದದ್ದು ಸ್ವಲ್ಪ ಉದ್ದವಿದೆ, ಅದಕ್ಕೆ ಬರೆಯಲು ಕೂತೆ. ನನ್ನ ಅಕ್ಷರ ಇನ್ನೂ ಅದೇ ಕಾಗೆ ಕಾಲು ಗುಬ್ಬಿ ಕಾಲು. ಸ್ವಲ್ಪ ಸುಧಾರಿಸಿಕೊಂಡು ಓದು.

ಅಕ್ಕಾ, ನನಗೆ ಸಾಕಾಗಿದೆ. ಅತಿಥಿ ಉಪನ್ಯಾಸಕನಾಗಿ ಹದಿನಾಲ್ಕು ವರ್ಷವಾಯಿತು. ನಾನು ಓದಿದ್ದು ರಾಜ್ಯಶಾಸ್ತ್ರ. ಆದರೆ ಕಾಲೇಜಿನಲ್ಲಿ ಯಾರಿಗೂ ಬೇಡದ ಪಾಠಗಳು ಕೊನೆಗೆ ಅತಿಥಿಗಳ ತಲೆಗೇ ಬರುತ್ತವೆ. ಈ ಸಲ ನನಗೆ ಬಂದದ್ದು ಪರಿಸರ ಅಧ್ಯಯನ. ಇದು ಎಲ್ಲರಿಗೂ ಕಡ್ಡಾಯ. ಕಡ್ಡಾಯ ಎಂದರೆ ಹುಡುಗರ ಲೆಕ್ಕದಲ್ಲಿ ಓದಬೇಕಾಗಿಲ್ಲ ಎಂದರ್ಥ. ಮೇಷ್ಟ್ರುಗಳ ಲೆಕ್ಕದಲ್ಲಿ ತಿದ್ದಬೇಕಾಗಿಲ್ಲ ಎಂದು. ಇಬ್ಬರೂ ಒಪ್ಪಿಕೊಂಡು ನಡೆಸಿಕೊಂಡು ಬಂದದ್ದರಲ್ಲಿ ನಾನು ಬಾಯಿ ಹಾಕಿದ್ದೇ ತಪ್ಪಾಯಿತು. ಪುಸ್ತಕದಿಂದ ಇಳಿಸಿಕೊಂಡು ಬರುತ್ತಾರೆಂದು ನಾನು ಬುದ್ಧಿವಂತನ ಹಾಗೆ ಒಂದು ಅಸೈನ್‌ಮೆಂಟ್ ಕೊಟ್ಟೆ. ನಿಮ್ಮೂರ ಕೆರೆ ಹಿಂದೆ ಹೇಗಿತ್ತು, ಮನೆಯ ಹಿರಿಯರೊಬ್ಬರನ್ನು ಕೇಳಿ ಎಂಟು ಪುಟ ಬರೆಯಿರಿ, ಅವರ ಹೆಸರನ್ನೂ ಬರೆಯಿರಿ ಎಂದೆ. ಅಜ್ಜ ಅಜ್ಜಿಯನ್ನು ಯಾರು ತಾನೇ ಕಾಪಿ ಹೊಡೆಯುತ್ತಾರೆ ಎಂದು ನನ್ನ ಧೈರ್ಯ.

ಹೊಡೆದರು. ಕ್ಲಾಸಿನ ಅರವತ್ತೊಂದು ಮಂದಿಗೂ ಒಬ್ಬಳೇ ಅಜ್ಜಿ. ಅವಳ ಹೆಸರು ಸಪ್ಪಲಮ್ಮ. ಅರವತ್ತೊಂದು ಕಟ್ಟುಗಳಲ್ಲಿಯೂ ಆಕೆಗೆ ಎಂಬತ್ತೆರಡು ವರ್ಷ, ಎಡಗಣ್ಣಿಗೆ ಪೊರೆ. ಅರವತ್ತೊಂದರಲ್ಲಿಯೂ ಆಕೆ ಪುಟ್ಟ ಮೊಮ್ಮಗಳನ್ನು ಕೆರೆಯ ತೂಬಿನ ಹತ್ತಿರ ಕರೆದುಕೊಂಡು ಹೋಗಿ ‘ಲಂಗ ಎತ್ತಿ ಕಟ್ಕೊಂಡು ಇಳಿಯೇ’ ಎನ್ನುತ್ತಾಳೆ. ಮೀಸೆ ಬಂದ ಗಂಡುಹುಡುಗರು, ಮೋಟರ್‌ಬೈಕಿನಲ್ಲಿ ಒಂದೇ ಚಕ್ರದ ಮೇಲೆ ಕಾಲೇಜಿಗೆ ಬರುವವರು, ‘ನಾನು ಲಂಗ ಎತ್ತಿ ಕಟ್ಟಿಕೊಂಡು ನೀರಿಗೆ ಇಳಿದೆ, ಸೊಂಟದಲ್ಲಿ ತಮ್ಮನಿದ್ದ’ ಎಂದು ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿದ್ದಾರೆ. ನಾನು ಸ್ಟಾಫ್ ರೂಮಿನಲ್ಲಿ ಒಬ್ಬನೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಇಪ್ಪತ್ತನೆಯ ಕಟ್ಟಿಗೆ ಬರುವಷ್ಟರಲ್ಲಿ ನಗು ನಿಂತುಹೋಯಿತು. ಓದುವುದನ್ನೂ ಬಿಟ್ಟು ಬರೀ ಲಂಗ ಇದೆಯೇ ಎಂದು ನೋಡಿ ಪಕ್ಕಕ್ಕಿಡತೊಡಗಿದೆ.

ಒಂದು ಮಾತು ಹೇಳಬೇಕು. ಬರೆದದ್ದು ಮಾತ್ರ ತುಂಬ ಚೆನ್ನಾಗಿತ್ತು. ಬೇಸಿಗೆಯಲ್ಲಿ ಮನೆಗೊಬ್ಬರಂತೆ ಕೆರೆಯ ಹೂಳು ಹೊತ್ತು ತಮ್ಮ ಹೊಲಕ್ಕೆ ಹಾಕಿಕೊಳ್ಳುತ್ತಿದ್ದದ್ದು, ಯಾರ ಮನೆಯವರು ಬರಲಿಲ್ಲವೋ ಅವರ ಗದ್ದೆಗೆ ನೀರಗಂಟಿ ಕೊನೆಯಲ್ಲಿ ನೀರು ಬಿಡುತ್ತಿದ್ದದ್ದು, ಎಲ್ಲ ಬಂದಿತ್ತು. ತೂಬಿನ ಕಲ್ಲುಮೆಟ್ಟಿಲು ಮೂರು ಮುಳುಗಿದರೆ ಆ ವರ್ಷ ಭತ್ತ, ಎರಡು ಮುಳುಗಿದರೆ ರಾಗಿ, ಒಂದೂ ಮುಳುಗದಿದ್ದರೆ ಹುರುಳಿ ಎಂದು ಸಪ್ಪಲಮ್ಮ ಹೇಳುತ್ತಾಳೆ. ಪರಿಸರದ ಪಠ್ಯಪುಸ್ತಕದಲ್ಲಿ ನನಗೆ ಇಂಥ ಒಂದು ಸಾಲೂ ಸಿಕ್ಕಿಲ್ಲ.

ಕ್ಲಾಸಿನಲ್ಲಿ ನಿಂತು ಈ ಸಪ್ಪಲಮ್ಮ ಯಾರ ಅಜ್ಜಿ ಎಂದು ಕೇಳಿದೆ. ಎಲ್ಲರೂ ತಮ್ಮ ತಮ್ಮ ಬ್ಯಾಗಿನಲ್ಲಿ ಏನೋ ಹುಡುಕತೊಡಗಿದರು. ಮೊದಲು ಬರೆದವರು ಎದ್ದು ನಿಲ್ಲುವವರೆಗೆ ಎಲ್ಲರಿಗೂ ಸೊನ್ನೆ ಎಂದು ಹೇಳಿ ಹೊರಗೆ ಬಂದೆ. ಈ ಸೊನ್ನೆ ಸಣ್ಣದಲ್ಲ. ಇಂಟರ್ನಲ್ ಸೊನ್ನೆಯಾದರೆ ಈ ಪೇಪರ್ ಉಳಿಯುತ್ತದೆ, ಇದು ಉಳಿದರೆ ಡಿಗ್ರಿ ಕೈಗೆ ಸಿಗುವುದಿಲ್ಲ. ನಮ್ಮ ವಿಭಾಗದ ಹಿರಿಯರು ಮನೋಹರ್ ಸರ್, ಒಳ್ಳೆಯ ಮನುಷ್ಯ, ನನ್ನನ್ನು ಪಕ್ಕಕ್ಕೆ ಕರೆದು, ‘ಕಂಪಲ್ಸರಿ ಪೇಪರ್ ಕಣ್ರೀ ಶ್ರೀಧರ್, ಎಲ್ರಿಗೂ ಎಂಟು ಹಾಕಿ ಕಳ್ಸಿ. ಬೆಳಗಾದ್ರೆ ನೀವೂ ನಾನೂ ಇಲ್ಲೇ ಇರ್ಬೇಕು’ ಎಂದರು. ಅವರು ಕಾಯಂ, ಅವರು ಇರುತ್ತಾರೆ; ನನ್ನ ವಿಷಯ ಪ್ರತಿ ವರ್ಷ ಹೊಸದಾಗಿ ಆಗಬೇಕು. ಆದರೂ ನಾನು ಹಟ ಬಿಡಲಿಲ್ಲ.

ಬರೆದದ್ದರಲ್ಲಿ ಕೆರೆಯ ಹೆಸರೂ ಇತ್ತು, ಅದು ತೂಬಗೆರೆ ಆಚೆಗಿನ ಒಂದು ಸಣ್ಣ ಊರಿನದು. ದಾಖಲಾತಿ ಪುಸ್ತಕ ನೋಡಿದರೆ ಆ ಊರಿನಿಂದ ಬರುವವನು ಒಬ್ಬನೇ, ಮಂಜೇಶ್ ಎಂಬ ಹುಡುಗ. ಅವನ ಕಟ್ಟು ತೆಗೆದು ನೋಡಿದೆ. ದುಂಡು ಅಕ್ಷರ, ಒಂದು ಚಿತ್ತಿಲ್ಲ, ಅಜ್ಜಿ ಹೇಳಿದ ಮಾತಿಗೆಲ್ಲ ಬೇರೆ ಬಣ್ಣದ ಶಾಯಿ. ಆದರೆ ಅದರಲ್ಲಿಯೂ ಲಂಗ, ಅದರಲ್ಲಿಯೂ ಸೊಂಟದಲ್ಲಿ ತಮ್ಮ. ಕಳ್ಳನನ್ನು ಮನೆಗೇ ಹೋಗಿ ಹಿಡಿಯುತ್ತೇನೆ ಎಂದು ಹೋದ ಭಾನುವಾರ ತೂಬಗೆರೆ ಬಸ್ಸು ಹತ್ತಿದೆ.

ಸಪ್ಪಲಮ್ಮ ಜಗಲಿಯ ಮೇಲೆ ಅವರೆ ಬೇಳೆ ಹಸನು ಮಾಡುತ್ತ ಕೂತಿದ್ದಳು. ಎಡಗಣ್ಣಿಗೆ ಪೊರೆ, ಬರೆದ ಹಾಗೇ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಬಂದವನನ್ನು ಆಕೆ ಹೆಣ್ಣು ನೋಡಲು ಬಂದವನೆಂದುಕೊಂಡಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಗಂಡು ನೀನೇನಪ್ಪಾ, ಇಲ್ಲಾ ನಿನ್ ತಮ್ಮನಾ?’ ಎಂದಳು. ನನ್ನ ತಲೆಕೂದಲಿನ ಸ್ಥಿತಿ ನಿನಗೆ ಗೊತ್ತೇ ಇದೆ. ನಾನು ಮಂಜೇಶನ ಮೇಷ್ಟ್ರು ಎಂದು ತಿಳಿದ ಮೇಲೆ ಆಕೆಗೆ ಸ್ವಲ್ಪ ನಿರಾಸೆಯಾಯಿತು. ಮಂಜೇಶ ಪಕ್ಕದ ಊರಿಗೆ ಕ್ರಿಕೆಟ್ ಆಡಲು ಹೋಗಿದ್ದ. ಕೆರೆಯ ವಿಷಯ ಬರೆದವರು ಯಾರಜ್ಜಿ ಎಂದು ಕೇಳಿದರೆ ಮುಚ್ಚುಮರೆಯೇ ಇಲ್ಲ. ‘ಇನ್ಯಾರು, ನಮ್ ನವ್ಯ. ಎರ್ಡು ಭಾನ್ವಾರ ನನ್ ಕೈ ಹಿಡ್ಕೊಂಡು ಕೆರೆ ಸುತ್ತಾ ತಿರುಗಿಸ್ಬಿಟ್ಳು ಮೇಷ್ಟ್ರೇ. ಇದ್ನೆಲ್ಲ ಇಲ್ಲೀಗಂಟ ಯಾರೂ ನನ್ನ ಕೇಳಿರ್ಲಿಲ್ಲ’ ಎಂದಳು.

ನವ್ಯಶ್ರೀ ಮಂಜೇಶನ ಅಕ್ಕ. ಪಿಯುಸಿಯಲ್ಲಿ ಫಸ್ಟ್ ಕ್ಲಾಸು. ಮುಂದಕ್ಕೆ ತಮ್ಮ ಓದಲಿ ಎಂದು ಇವಳನ್ನು ನಿಲ್ಲಿಸಿದರು. ಈಗ ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಾಳೆ, ಆರು ದಿನ ಕಂಪನಿ ಬಸ್ಸು, ಒಂದು ದಿನ ರಜೆ. ನಮ್ಮ ಕಡೆ ಇದು ಹೊಸದಲ್ಲವಲ್ಲ ಅಕ್ಕಾ. ಕಾಲೇಜು ಬಿಟ್ಟ ಅಕ್ಕಂದಿರು ಕಾಲೇಜಿಗೆ ಹೋಗುವ ತಮ್ಮಂದಿರ ರೆಕಾರ್ಡು ಬರೆಯುತ್ತಾರೆ. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಬುತ್ತಿ ಕಟ್ಟಿಕೊಟ್ಟ ಹಾಗೆ, ಅಷ್ಟೆ.

ಆ ಹುಡುಗಿ ಒಂದು ತಂಬಿಗೆ ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ನಾನು ಬೈಯಲು ಬಂದವನು, ಎಲ್ಲಿಂದ ಶುರು ಮಾಡಲಿ ಎಂದು ಹುಡುಕುತ್ತಿದ್ದೆ. ಅವಳೇ ಮೊದಲು ಬಾಯಿಬಿಟ್ಟಳು. ‘ಸಾರ್, ಅದಕ್ಕೆ ಎಷ್ಟು ಮಾರ್ಕ್ಸ್ ಬಂತು?’ ಎಂದು ಕೇಳಿದಳು.

ಅಷ್ಟೇ ಕೇಳಿದ್ದು. ತಪ್ಪು ಮಾಡಿದವರ ಮುಖ ಅದಲ್ಲ. ಮೂರು ವರ್ಷದಿಂದ ಯಾರೂ ಅವಳ ಬರಹ ತಿದ್ದಿರಲಿಲ್ಲ, ಅದೊಂದೇ ಅವಳಿಗೆ ಬೇಕಾಗಿತ್ತು. ಅದಕ್ಕೆ ಬಿದ್ದದ್ದು ಸೊನ್ನೆ. ‘ಇನ್ನೂ ಹಾಕಿಲ್ಲಮ್ಮಾ’ ಎಂದು ಸುಳ್ಳು ಹೇಳಿ, ನೀರು ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಬಸ್ಸು ಬರುವುದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಸೋಮವಾರ ಎಲ್ಲರನ್ನೂ ಕೂರಿಸಿದೆ. ಫೋನುಗಳನ್ನೆಲ್ಲ ಮೇಜಿನ ಮೇಲೆ ಇಡಿಸಿ, ಒಂದು ಗಂಟೆಯೊಳಗೆ ನಿಮಗೆ ಗೊತ್ತಿದ್ದಷ್ಟನ್ನು ನೀವೇ ಬರೆಯಿರಿ, ಅದಕ್ಕೇ ಮಾರ್ಕ್ಸ್ ಎಂದೆ. ಬರೆದರು. ಹೇಗೆ ಎಂದು ಕೇಳಬೇಡ. ಒತ್ತಕ್ಷರ ಬಿಟ್ಟವರೆಷ್ಟೋ, ಕೆರೆಗೂ ಸ್ವಿಮ್ಮಿಂಗ್ ಪೂಲಿಗೂ ವ್ಯತ್ಯಾಸ ಗೊತ್ತಿಲ್ಲದವರೆಷ್ಟೋ. ಬಾಶೆಟ್ಟಿಹಳ್ಳಿಯ ಶಿಲ್ಪ ಎಂಬ ಹುಡುಗಿ, ‘ನಮ್ಮ ಕೆರೆ ಎಲ್ಲಿತ್ತೆಂದು ಅಪ್ಪನಿಗೂ ಗೊತ್ತಿಲ್ಲ. ಅಜ್ಜಿಗೆ ಗೊತ್ತಿತ್ತೇನೋ, ನಾನು ಕೇಳುವುದರೊಳಗೆ ತೀರಿಕೊಂಡಳು’ ಎಂದು ಎರಡೇ ಸಾಲು ಬರೆದಿದ್ದಳು. ಅವಳಿಗೆ ಹತ್ತಕ್ಕೆ ಏಳು ಕೊಟ್ಟೆ. ಮಂಜೇಶ ನಾಲ್ಕು ಸಾಲು ಬರೆದ, ನಾಲ್ಕು ಕೊಟ್ಟೆ. ಆಮೇಲೆ ಅವನು ನನ್ನ ಹಿಂದೆಯೇ ಬಂದು, ಕೊಟ್ಟದ್ದು ಒಬ್ಬ ಸ್ನೇಹಿತನಿಗೆ ಮಾತ್ರ, ಅವನು ಕ್ಲಾಸಿನ ವಾಟ್ಸಾಪ್‌ಗೆ ಹಾಕಿಬಿಟ್ಟ ಎಂದ. ಅಕ್ಕನಿಂದ ಬರೆಸಿದ್ದು ಯಾಕೆಂದು ಕೇಳಿದೆ. ‘ಅದು ಕಾಪಿ ಹೆಂಗಾಗುತ್ತೆ ಸಾರ್? ನಮ್ ಅಕ್ಕನೇ ಅಲ್ವಾ?’ ಎಂದ. ಅವನು ಉಡಾಫೆ ಮಾಡುತ್ತಿರಲಿಲ್ಲ ಅಕ್ಕಾ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಾನು ಮುಂದಕ್ಕೆ ನಡೆದೆ.

ಬುಧವಾರ ಮಾರ್ಕ್ಸ್ ಪಟ್ಟಿ ಕಳಿಸಬೇಕು. ಅರವತ್ತೊಂದು ಹೆಸರಿಗೂ ತುಂಬಿಸಿ ಆಗಿದೆ. ಯಾರೂ ಫೇಲಾಗುವುದಿಲ್ಲ, ಯಾರೂ ಕುಣಿದಾಡುವಂತೆಯೂ ಇಲ್ಲ. ಮನೋಹರ್ ಸರ್ ನಿಟ್ಟುಸಿರು ಬಿಟ್ಟು, ಬದುಕಿದೆವು ಎಂದರು. ಆದರೆ ನವ್ಯಶ್ರೀಯ ಎಂಟು ಪುಟ ನನ್ನ ಮೇಜಿನ ಮೇಲೇ ಇವೆ. ಅವಳಿಗೆ ರಿಜಿಸ್ಟರ್ ನಂಬರಿಲ್ಲ, ಅವಳ ಹೆಸರಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಒಂದು ವಾರದಿಂದ ಕೆಂಪು ಪೆನ್ನು ಹಿಡಿಯುತ್ತೇನೆ, ಇಡುತ್ತೇನೆ. ಇವತ್ತು ಬೆಳಿಗ್ಗೆ ತೂಬಗೆರೆಗೆ ಹೋಗಿ ಕೊಟ್ಟುಬರೋಣವೆಂದು ಅಂಗಿ ಹಾಕಿಕೊಂಡೆ. ಅದಕ್ಕೂ ಮುಂಚೆ ನಿನಗೆ ಬರೆಯಬೇಕೆನ್ನಿಸಿತು, ಅಂಗಿ ಬಿಚ್ಚಿಟ್ಟು ಕೂತೆ.

ಮಂಡಿಗೆ ಎಣ್ಣೆ ಹಚ್ಚಿಸಿಕೋ, ನಾಳೆ ನಾಳೆ ಎನ್ನಬೇಡ. ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ನಿನಗೂ ಸೊಸೆ ಬಂದ ಮೇಲೆ ಅವಳ ಕೈಯಲ್ಲೂ ಉಪ್ಪು ಕಡಿಮೆ ಹಾಕಿಸಿಕೋ ಎಂದು ಅಮ್ಮ ಹೇಳುತ್ತಿದ್ದಾಳೆ, ಯಾಕೆಂದು ನನಗೆ ಗೊತ್ತಿಲ್ಲ. ಭಾನು ನಿನ್ನನ್ನು ತುಂಬ ಕೇಳಿದಳು. ಶ್ರಾವಣದಲ್ಲಿ ಒಂದು ವಾರ ಬಂದು ಇದ್ದುಹೋಗು.

ನಿನ್ನ ತಮ್ಮ,
ಶ್ರೀಧರ್

ಇನ್ನೊಂದು: ಅಂಟಿಸುವ ಮುಂಚೆ ಇದೊಂದು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಈ ಸಲವೂ ತಪ್ಪಿಸಿಕೊಳ್ಳುತ್ತೇನೆ. ಕಾಗದದ ಜೊತೆಗಿರುವುದು ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಬೂದಿಗೆರೆ ಮನೆಯಲ್ಲಿ ಕೂತು ನಮ್ಮೂರ ಬಾವಿಗಳ ಮೇಲೆ ನೀನು ಬರೆದುಕೊಟ್ಟ ಪರಿಸರದ ರೆಕಾರ್ಡು. ನಾನು ಹೇಳಿದ ಹಾಗೆ ಅದು ಕಳೆದುಹೋಗಿರಲಿಲ್ಲ, ನನ್ನ ಪೆಟ್ಟಿಗೆಯಲ್ಲಿತ್ತು. ನೀನೂ ಹಾಗೇ ಬಾಗಿಲಿಗೆ ಒರಗಿ ನಿಂತು ‘ಎಷ್ಟು ಬಂತೋ?’ ಎಂದು ಕೇಳಿದ್ದೆ. ‘ಕಡ್ಡಾಯದ್ದು ಕಣಕ್ಕಾ, ಅದಕ್ಕೆಲ್ಲ ಮಾರ್ಕ್ಸ್ ಹೇಳಲ್ಲ’ ಎಂದುಬಿಟ್ಟೆ. ಸುಳ್ಳು ಹೇಳಿದೆ. ಕೊನೆಯ ಪುಟ ನೋಡು. ‘ಬರೆದ ಕೈ ಓದು ನಿಲ್ಲಿಸಬಾರದು’ ಎಂದು ನಮ್ಮ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಅವರು ನನ್ನನ್ನು ಕರೆದು ಎಂ.ಎ. ಮಾಡು ಎಂದದ್ದು ಇದನ್ನು ಓದಿ. ಆ ತಿಂಗಳು ಹಿಂದೂಪುರದವರು ನಿನ್ನನ್ನು ನೋಡಲು ಬರುವವರಿದ್ದರು. ಇದನ್ನು ನೋಡಿದರೆ ನೀನು ಅಪ್ಪನ ಮುಂದೆ ‘ನಾನೂ ಓದುತ್ತೇನೆ’ ಎಂದು ಹಟ ಹಿಡಿಯುತ್ತೀಯ, ಇಬ್ಬರಲ್ಲಿ ಒಬ್ಬರೇ ಎಂದಾದರೆ ಅಪ್ಪ ನಿನ್ನನ್ನೇ ಓದಿಸುತ್ತಾರೆ ಎಂದು ಹೆದರಿ ಮುಚ್ಚಿಟ್ಟೆ. ನವ್ಯಶ್ರೀಗೆ ಮುಂದಿನ ಭಾನುವಾರ ಹೋಗಿ ನಿಜ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಾಗಿತ್ತು. ಇಪ್ಪತ್ತಕ್ಕೆ ಇಪ್ಪತ್ತು ಬಂದಿತ್ತು, ಅಕ್ಕಾ.